ಕಾಡುಪ್ರಾಣಿ ಮಾಂಸದಲ್ಲಿ ನಿಜಕ್ಕೂ ಪೌಷ್ಟಿಕಾಂಶ ಜಾಸ್ತಿನಾ?

ತುಂಬೆಹೂ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಹೊರದೇಶದಲ್ಲಿದ್ದಾಳೆ. ಅಲ್ಲಿ ಪರವಾನಗಿ ಇದ್ದವರು ಕಾನೂನು ಪ್ರಕಾರವೇ ಜಿಂಕೆ ಬೇಟೆ ಆಡಬಹುದು. ಪಕ್ಕದ ಮನೆಯವರು ಬೇಟೆಗೆ ಹೋಗುವವರು. ಸೀಸನ್ ಬಂದರೆ ಫ್ರೀಜರ್ ತುಂಬ ಮಾಂಸ ಇಟ್ಟುಕೊಂಡು ಇವರಿಗೂ ಕೊಡುತ್ತಾರೆ. ತಂಗಿಗೆ ಹಿಮೋಗ್ಲೋಬಿನ್ ಕಡಿಮೆ ಅಂತ ಗೊತ್ತಾದ ಮೇಲೆ "ಅಂಗಡಿ ಮಾಂಸ ಬಿಡಿ, ಇದನ್ನೇ ತಿನ್ನಿ, ಮಾತ್ರೆಯೂ ಬೇಡ" ಅಂತ ಹೇಳುತ್ತಿದ್ದಾರೆ. ತಂಗಿ ಪೂರ್ತಿ ನಂಬಿದ್ದಾಳೆ.

ನನ್ನ ಪ್ರಶ್ನೆ ಇಷ್ಟೇ. ಕಾಡುಪ್ರಾಣಿ ಮಾಂಸಕ್ಕೂ ಸಾಕಿದ ಪ್ರಾಣಿ ಮಾಂಸಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ? ಇದ್ದರೆ ಯಾವುದರಲ್ಲಿ? ತಿನ್ನುವ ಮುಂಚೆ ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯಾ? ತಿನ್ನಬೇಕೋ ಬೇಡವೋ ಅನ್ನೋ ಜಗಳ ಬೇಡ, ದಯವಿಟ್ಟು ಗೊತ್ತಿರುವವರು ಹೇಳಿ.

ದೂರದಾರಿ
ವ್ಯತ್ಯಾಸ ಇದೆ, ಅದೂ ತುಂಬಾ. ದಿನವಿಡೀ ಓಡಾಡಿದ ಪ್ರಾಣಿ. ತನಗೆ ಬೇಕಾದ ಚಿಗುರು, ಹುಲ್ಲು, ಕಾಯಿ ಹುಡುಕಿ ತಿಂದು ಬೆಳೆದಿದ್ದು. ಆಂಟಿಬಯೋಟಿಕ್ ಇಲ್ಲ, ಹಾರ್ಮೋನ್ ಇಲ್ಲ, ಕೊಬ್ಬು ಬರಿಸೋಕೆ ಕಾಳು ತುರುಕಿಲ್ಲ. ಇದಕ್ಕಿಂತ ಶುದ್ಧ ಮಾಂಸ ಎಲ್ಲಿ ಸಿಗುತ್ತೆ? ತಂಗಿಗೆ ಧೈರ್ಯವಾಗಿ ತಿನ್ನೋಕೆ ಹೇಳಿ.

ಗುಬ್ಬಚ್ಚಿ
ಮಾತ್ರೆ ಬೇಡ ಅಂತ ಹೇಳೋಕೆ ಪಕ್ಕದ ಮನೆಯವರು ಡಾಕ್ಟರಾ?

ಪಥ್ಯದಮಾತು
ನಾನು ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಮೊದಲು ಅಂಕಿ ನೋಡೋಣ. ಅಮೆರಿಕದ ಕೃಷಿ ಇಲಾಖೆ ಪಟ್ಟಿ ಪ್ರಕಾರ 100 ಗ್ರಾಂ ಹಸಿ ಜಿಂಕೆ ಮಾಂಸದಲ್ಲಿ ಸುಮಾರು 120 ಕ್ಯಾಲೊರಿ, 23 ಗ್ರಾಂ ಪ್ರೋಟೀನ್, 2.4 ಗ್ರಾಂ ಕೊಬ್ಬು ಇದೆ. ಕಬ್ಬಿಣ 3.4 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ, 20 ಪರ್ಸೆಂಟ್ ಕೊಬ್ಬಿರುವ ದನದ ಖೀಮಾ ತೆಗೆದುಕೊಳ್ಳಿ. 254 ಕ್ಯಾಲೊರಿ, 17 ಗ್ರಾಂ ಪ್ರೋಟೀನ್, 20 ಗ್ರಾಂ ಕೊಬ್ಬು, ಕಬ್ಬಿಣ 2 ಮಿಲಿಗ್ರಾಂ. ಕ್ಯಾಲೊರಿ ಅರ್ಧಕ್ಕಿಂತ ಕಡಿಮೆ, ಪ್ರೋಟೀನ್ ಜಾಸ್ತಿ, ಕಬ್ಬಿಣವೂ ಜಾಸ್ತಿ.

ಮೂಸ್ ಅನ್ನೋ ದೊಡ್ಡ ಜಾತಿಯ ಜಿಂಕೆಯಲ್ಲಿ 100 ಗ್ರಾಂಗೆ ಕೊಬ್ಬು 1 ಗ್ರಾಂ ಕೂಡ ಇಲ್ಲ. ಕಾಡುಹಂದಿಯಲ್ಲಿ 3.3 ಗ್ರಾಂ. ಮೊಲದಲ್ಲಿ ಒಳ್ಳೆ ಹೋಲಿಕೆ ಸಿಗುತ್ತೆ, ಯಾಕೆಂದರೆ ಕಾಡಿನದ್ದೂ ಸಾಕಿದ್ದೂ ಎರಡೂ ಪಟ್ಟಿಯಲ್ಲಿವೆ. ಕಾಡುಮೊಲದಲ್ಲಿ ಕೊಬ್ಬು 2.3 ಗ್ರಾಂ, ಕಬ್ಬಿಣ 3.2 ಮಿಲಿಗ್ರಾಂ. ಸಾಕಿದ ಮೊಲದಲ್ಲಿ ಕೊಬ್ಬು 5.5 ಗ್ರಾಂ, ಕಬ್ಬಿಣ 1.6 ಮಿಲಿಗ್ರಾಂ. ಒಂದೇ ಬಗೆಯ ಪ್ರಾಣಿ, ಕಬ್ಬಿಣ ಎರಡು ಪಟ್ಟು.

ಕಾರಣ ಸರಳ. ಮಾಂಸಖಂಡದಲ್ಲಿ ಮಯೋಗ್ಲೋಬಿನ್ ಅಂತ ಒಂದು ಪ್ರೋಟೀನ್ ಇದೆ. ಖಂಡಕ್ಕೆ ಬೇಕಾದ ಆಮ್ಲಜನಕವನ್ನು ಅದು ಹಿಡಿದಿಟ್ಟುಕೊಳ್ಳುತ್ತೆ. ಅದರೊಳಗೆ ಕಬ್ಬಿಣ ಇರುತ್ತೆ. ಹೆಚ್ಚು ದುಡಿಯುವ ಖಂಡದಲ್ಲಿ ಅದು ಹೆಚ್ಚು. ಜಿಂಕೆ ಮಾಂಸ ಕಪ್ಪುಗೆಂಪು ಕಾಣೋದು ಅದಕ್ಕೇ.

ದೂರದಾರಿ
ನೋಡಿ, ಅದೇ ನಾನು ಹೇಳಿದ್ದು.

ಪ್ರಶ್ನೆಗಾರ
ಪಥ್ಯದಮಾತು ಮೇಡಂ, ಅಂಕಿ ಸರಿ ಇದೆ, ಹೋಲಿಕೆ ಸರಿ ಇಲ್ಲ. ಜಿಂಕೆಯ ಬರೀ ಖಂಡವನ್ನು ಕೊಬ್ಬು ಸೇರಿಸಿ ರುಬ್ಬಿದ ಖೀಮಾ ಪಕ್ಕ ಇಟ್ಟರೆ ಜಿಂಕೆ ಗೆಲ್ಲಲೇಬೇಕು. ದನದ ತೊಡೆಯ ಹಿಂಭಾಗದ ತುಂಡು ತೆಗೆದುಕೊಂಡು, ಮೇಲಿನ ಕೊಬ್ಬು ಪೂರ್ತಿ ಸವರಿ ಹಾಕಿ ನೋಡಿ. ಅದರಲ್ಲೂ 22-23 ಗ್ರಾಂ ಪ್ರೋಟೀನ್, 3-4 ಗ್ರಾಂ ಕೊಬ್ಬು. ಹೆಚ್ಚುಕಡಿಮೆ ಸಮ. ಚರ್ಮ ತೆಗೆದ ಕೋಳಿ ಎದೆಭಾಗವೂ ಅಷ್ಟೇ. ಪ್ರೋಟೀನ್ ವಿಷಯದಲ್ಲಿ "ಕಾಡು" ಅನ್ನೋದಕ್ಕೆ ವಿಶೇಷ ಶಕ್ತಿ ಏನೂ ಇಲ್ಲ.

ಕಬ್ಬಿಣದಲ್ಲಿ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಬಾಕಿಯದೆಲ್ಲ ಯಾವ ತುಂಡು ಅನ್ನೋದರ ಮೇಲೆ ನಿಂತಿದೆ.

ಪಥ್ಯದಮಾತು
ಪ್ರೋಟೀನ್ ಬಗ್ಗೆ ನೀವು ಹೇಳೋದು ನ್ಯಾಯ. ಆದರೆ ಜನ ದಿನಾ ಸವರಿದ ತೊಡೆಭಾಗ ತಿನ್ನೋದಿಲ್ಲ, ಖೀಮಾ ತಿನ್ನುತ್ತಾರೆ. ತಟ್ಟೆಯಲ್ಲಿ ಏನು ಬೀಳುತ್ತೆ ಅನ್ನೋದೂ ಮುಖ್ಯ ಅಲ್ವಾ? ಬಾತುಕೋಳಿ ನೋಡಿ. ಸಾಕಿದ ಬಾತು ಚರ್ಮ ಸಮೇತ 100 ಗ್ರಾಂಗೆ 400 ಕ್ಯಾಲೊರಿ, 39 ಗ್ರಾಂ ಕೊಬ್ಬು. ಕಾಡುಬಾತು ಚರ್ಮ ಸಮೇತ 211 ಕ್ಯಾಲೊರಿ, 15 ಗ್ರಾಂ ಕೊಬ್ಬು. ಇಲ್ಲಿ ತುಂಡು ಬೇರೆ ಅಂತ ಹೇಳೋಕೆ ಆಗಲ್ಲ.

ಗುಬ್ಬಚ್ಚಿ
ಹಾಗಾದರೆ ಕೊಲೆಸ್ಟ್ರಾಲ್ ಇರುವವರಿಗೆ ಜಿಂಕೆ ಮಾಂಸ ಒಳ್ಳೇದಾ? ಮನೆಯಲ್ಲಿ ಎಲ್ಲರಿಗೂ ಅದೇ ಕಾಯಿಲೆ.

ಪಥ್ಯದಮಾತು
ಇದರಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ಕೊಬ್ಬು ಕಡಿಮೆ ಅಂದರೆ ಕೊಲೆಸ್ಟ್ರಾಲ್ ಕಡಿಮೆ ಅಂತ ಅಲ್ಲ. ಕೊಲೆಸ್ಟ್ರಾಲ್ ಜೀವಕೋಶದ ಪೊರೆಯಲ್ಲೇ ಇರುತ್ತೆ. ಹಸಿ ಜಿಂಕೆ ಮಾಂಸದಲ್ಲಿ 100 ಗ್ರಾಂಗೆ 85 ಮಿಲಿಗ್ರಾಂ ಇದೆ, ದನದ ಮಾಂಸಕ್ಕಿಂತ ಸ್ವಲ್ಪ ಜಾಸ್ತಿನೇ. ಆದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸೋದರಲ್ಲಿ ಸ್ಯಾಚುರೇಟೆಡ್ ಅನ್ನೋ ಗಟ್ಟಿಯಾಗುವ ಬಗೆಯ ಕೊಬ್ಬಿನ ಪಾತ್ರ ದೊಡ್ಡದು. ಅದು ಜಿಂಕೆಯಲ್ಲಿ 1 ಗ್ರಾಂ ಅಷ್ಟೇ. ಒಟ್ಟಿನಲ್ಲಿ ಕೊಬ್ಬಿರುವ ಕೆಂಪು ಮಾಂಸಕ್ಕೆ ಬದಲಾಗಿ ತಿಂದರೆ ಒಳ್ಳೇದು. ಅದರ ಜೊತೆಗೆ ಇದನ್ನೂ ತಿಂದರೆ ಲಾಭ ಇಲ್ಲ.

ಕಡಲಗಾಳಿ
ಒಮೆಗಾ-3 ಅನ್ನೋ ಒಳ್ಳೆ ಬಗೆಯ ಕೊಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ಹುಲ್ಲು, ಎಲೆ ತಿನ್ನುವ ಕಾಡುಪ್ರಾಣಿಯ ಕೊಬ್ಬಿನಲ್ಲಿ ಒಮೆಗಾ-6ಕ್ಕೂ ಒಮೆಗಾ-3ಕ್ಕೂ ಇರುವ ಅನುಪಾತ ಕಾಳು ತಿಂದ ದನಕ್ಕಿಂತ ಚೆನ್ನಾಗಿರುತ್ತೆ. 2002ರಲ್ಲಿ ಲೊರೆನ್ ಕಾರ್ಡೈನ್ ಅನ್ನೋ ಸಂಶೋಧಕರ ತಂಡ ಎಲ್ಕ್, ಮ್ಯೂಲ್ ಜಿಂಕೆ, ಆಂಟಿಲೋಪ್ ಮೂರರ ಕೊಬ್ಬನ್ನು ಪರೀಕ್ಷೆ ಮಾಡಿ ಇದನ್ನೇ ತೋರಿಸಿತ್ತು. ಅದಕ್ಕೂ ಮುಂಚೆ 1985ರಲ್ಲಿ ಈಟನ್ ಮತ್ತು ಕಾನರ್ ಶಿಲಾಯುಗದವರ ಆಹಾರದ ಬಗ್ಗೆ ದೊಡ್ಡ ಲೇಖನ ಬರೆದರು. ಈಗಿನ "ಶಿಲಾಯುಗದ ಡಯಟ್" ಮಾತೆಲ್ಲ ಬೆಳೆದದ್ದು ಅಲ್ಲಿಂದ.

ಪ್ರಶ್ನೆಗಾರ
ಅನುಪಾತ ಚೆನ್ನಾಗಿದೆ, ಆದರೆ ಮೊತ್ತ ಎಷ್ಟು? ಮಾಂಸದಲ್ಲಿ ಒಟ್ಟು ಕೊಬ್ಬೇ 2.4 ಗ್ರಾಂ. ಅದರಲ್ಲಿ ಒಮೆಗಾ-3 ಒಂದು ಗ್ರಾಂನ ಸಣ್ಣ ಚೂರು. ಅದೂ ಬಹುಪಾಲು ಸಸ್ಯಮೂಲದ ಬಗೆಯದ್ದು. 100 ಗ್ರಾಂ ಸಾಲ್ಮನ್ ಅಥವಾ ಬೂತಾಯಿ ತಿಂದರೆ ಒಂದು ಗ್ರಾಂ ಮೇಲೆ ಸಿಗುತ್ತೆ, ಅದೂ ದೇಹಕ್ಕೆ ನೇರ ಬೇಕಾದ ಬಗೆಯದ್ದು. ಒಮೆಗಾ-3 ಬೇಕಾದರೆ ಮೀನು ತಿನ್ನಿ. ಅದಕ್ಕೋಸ್ಕರ ಜಿಂಕೆ ಬೇಡ.

ಬೆಂಕಿಪಾತ್ರೆ
ಅಡುಗೆ ಕಡೆಯಿಂದ ಒಂದು ಮಾತು. ಕೊಬ್ಬೇ ಇಲ್ಲದ ಮಾಂಸ ಸ್ವಲ್ಪ ಜಾಸ್ತಿ ಬೆಂದರೆ ಒಣಗಿ ನಾರಾಗುತ್ತೆ. ಅದಕ್ಕೇ ಬೇಟೆ ಮಾಂಸ ಮಾಡುವವರು ಹಂದಿ ಕೊಬ್ಬು ಸುತ್ತುತ್ತಾರೆ, ಬೆಣ್ಣೆ ಸುರಿಯುತ್ತಾರೆ, ಖೀಮಾ ಮಾಡುವಾಗ ಕೊಬ್ಬು ಬೆರೆಸುತ್ತಾರೆ. ಆಮೇಲೆ "ಕೊಬ್ಬು ಕಡಿಮೆ" ಅನ್ನೋ ಲೆಕ್ಕ ಎಲ್ಲಿ ಉಳಿಯುತ್ತೆ? ತಂಗಿಗೆ ಬರುತ್ತಿರುವ ಖೀಮಾದಲ್ಲಿ ಏನು ಬೆರೆಸಿದ್ದಾರೆ ಅಂತ ಕೇಳಿ.

ತುಂಬೆಹೂ
ಬಹುಪಾಲು ಖೀಮಾನೇ ಬರೋದು. ಕೇಳಿ ಹೇಳುತ್ತೇನೆ.

ಎಕ್ಸ್‌ರೇಕೋಣೆ
ಖೀಮಾ ಅಂದ ಕೂಡಲೇ ನಾನು ಬರೆಯಲೇಬೇಕು. ಇಷ್ಟು ಹೊತ್ತು ಎಲ್ಲರೂ ಮಾಂಸದಲ್ಲಿ ಏನಿದೆ ಅಂತ ಮಾತಾಡಿದ್ದೀರಿ. ಅದರೊಳಗೆ ಹೊರಗಿನಿಂದ ಏನು ಹೊಕ್ಕಿದೆ ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ಸೀಸ ಅನ್ನೋ ವಿಷಲೋಹ.

ಬೇಟೆಯ ಗುಂಡು ಬಹುಪಾಲು ಸೀಸದ್ದು, ಮೇಲೆ ತಾಮ್ರದ ಹೊದಿಕೆ. ವೇಗವಾಗಿ ಬಂದು ಮೂಳೆಗೆ, ಖಂಡಕ್ಕೆ ಬಡಿದಾಗ ಪುಡಿಯಾಗುತ್ತೆ. ಚೂರುಗಳು ಗಾಯದ ಜಾಗದಲ್ಲೇ ಇರಲ್ಲ, ಸುತ್ತ ದೂರದವರೆಗೆ ಹರಡುತ್ತವೆ. 2009ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಯಿತು. ಇಂಥ ಗುಂಡಿನಿಂದ ಹೊಡೆದ 30 ಜಿಂಕೆಗಳ ಎಕ್ಸ್‌ರೇ ತೆಗೆದರು. ಮೂವತ್ತರಲ್ಲೂ ಲೋಹದ ಚೂರು ಕಂಡಿತು. ಆಮೇಲೆ ಒಂದೊಂದನ್ನು ಬೇರೆ ಬೇರೆ ಮಾಂಸ ಕತ್ತರಿಸುವವರಿಗೆ ಕೊಟ್ಟು, ಬಂದ ಪ್ಯಾಕೆಟ್‌ಗಳನ್ನು ನೋಡಿದರು. 234 ಖೀಮಾ ಪ್ಯಾಕೆಟ್‌ಗಳಲ್ಲಿ 32 ಪರ್ಸೆಂಟ್‌ನಲ್ಲಿ ಒಂದಾದರೂ ಚೂರು ಇತ್ತು. ಪರೀಕ್ಷೆಗೆ ಕಳಿಸಿದ ಚೂರುಗಳಲ್ಲಿ ಹತ್ತಿರಹತ್ತಿರ ಎಲ್ಲವೂ ಸೀಸವೇ. ಆ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಎರಡೇ ದಿನದಲ್ಲಿ ರಕ್ತದಲ್ಲಿ ಸೀಸ ಏರಿತು.

ಈ ಚೂರುಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣಲ್ಲ, ಹಲ್ಲಿಗೂ ಸಿಗಲ್ಲ. ತೊಳೆದರೆ ಹೋಗಲ್ಲ, ಬೇಯಿಸಿದರೆ ಹೋಗಲ್ಲ. ಖೀಮಾದಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಗಾಯದ ಸುತ್ತಲಿನ ತುಂಡುಗಳು ಬಹುಪಾಲು ಅಲ್ಲಿಗೇ ಹೋಗುತ್ತವೆ.

ತುಂಬೆಹೂ, ತಂಗಿ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ?

ತುಂಬೆಹೂ
ಮಗ ಇದ್ದಾನೆ, ಮೂರು ವರ್ಷ. ಅವನಿಗೂ ಅದನ್ನೇ ಉಂಡೆ ಮಾಡಿ ಕೊಡುತ್ತಾರೆ. ಓದಿ ಎದೆ ಧಸಕ್ ಅಂತು.

ಎಕ್ಸ್‌ರೇಕೋಣೆ
ಹೆದರಬೇಡಿ, ಆದರೆ ಮಗುವಿಗೆ ಖೀಮಾ ಈಗಲೇ ನಿಲ್ಲಿಸೋಕೆ ಹೇಳಿ. ಪಕ್ಕದ ಮನೆಯವರನ್ನು ಒಂದೇ ಪ್ರಶ್ನೆ ಕೇಳಲಿ. ಗುಂಡು ಸೀಸದ್ದಾ, ಪೂರ್ತಿ ತಾಮ್ರದ್ದಾ? ಈಗ ತಾಮ್ರದ ಗುಂಡು ಸುಲಭವಾಗಿ ಸಿಗುತ್ತೆ. ಬಿಲ್ಲಿನಿಂದ ಹೊಡೆದಿದ್ದರೆ ಈ ಚಿಂತೆಯೇ ಇಲ್ಲ. ಸೀಸದ್ದು ಅಂತ ಉತ್ತರ ಬಂದರೆ ಮಗುವಿನ ರಕ್ತಪರೀಕ್ಷೆ ಮಾಡಿಸಲಿ. ಸಣ್ಣ ಪರೀಕ್ಷೆ ಅದು.

ದೂರದಾರಿ
ಇದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಕೋಟಿಗಟ್ಟಲೆ ಜನ ತಲೆಮಾರುಗಳಿಂದ ಬಂದೂಕಿನ ಬೇಟೆ ಮಾಂಸ ತಿಂದಿದ್ದಾರೆ. ಎಲ್ಲರಿಗೂ ಸೀಸದ ವಿಷ ಏರಿತಾ? ಅಮೆರಿಕದ ನಾರ್ತ್ ಡಕೋಟಾದಲ್ಲಿ 2008ರಲ್ಲಿ ಇದೇ ಗಲಾಟೆ ಆಗಿ, 738 ಜನರ ರಕ್ತಪರೀಕ್ಷೆ ಮಾಡಿದರು. ಆಗಿನ ಅಪಾಯದ ಗಡಿ ಒಂದು ಡೆಸಿಲೀಟರ್ (100 ಮಿಲಿ) ರಕ್ತಕ್ಕೆ 10 ಮೈಕ್ರೋಗ್ರಾಂ ಸೀಸ. ಅದನ್ನು ದಾಟಿದವರು ಒಬ್ಬರೂ ಇಲ್ಲ.

ಎಕ್ಸ್‌ರೇಕೋಣೆ
ಅದೇ ಅಧ್ಯಯನದ ಇನ್ನೊಂದು ಅರ್ಧವನ್ನೂ ಹೇಳಿ ಸರ್. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ತಿನ್ನದವರಿಗಿಂತ ಜಾಸ್ತಿ ಇತ್ತು. ಆ 10ರ ಗಡಿ ಈಗ ಇಲ್ಲ. ಮಕ್ಕಳ ವಿಷಯದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಅದನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಮಗುವಿನ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ. ದೊಡ್ಡವರಿಗೆ ತಟ್ಟದ್ದು ಮೂರು ವರ್ಷದ ಮಗುವಿಗೆ ತಟ್ಟುತ್ತೆ. ಗರ್ಭಿಣಿಯರ ವಿಷಯವೂ ಅಷ್ಟೇ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧಿಸಿದೆ. ಡೆನ್ಮಾರ್ಕ್ ಸೀಸದ ಸಣ್ಣ ಗುಂಡುಗಳನ್ನು 1996ರಲ್ಲೇ ನಿಲ್ಲಿಸಿತು, 2024ರಲ್ಲಿ ರೈಫಲ್ ಗುಂಡನ್ನೂ ನಿಲ್ಲಿಸಿತು. ಬೇಟೆ ಬಿಡಿ ಅಂತ ಯಾರೂ ಹೇಳುತ್ತಿಲ್ಲ, ಗುಂಡು ಬದಲಿಸಿ ಅಂತ ಮಾತ್ರ.

ಬೆಂಕಿಪಾತ್ರೆ
ವಿನೆಗರ್, ನಿಂಬೆರಸದಲ್ಲಿ ನೆನೆಸಿಟ್ಟರೆ ಮಾಂಸ ಮೆತ್ತಗಾಗುತ್ತೆ ಅಂತ ಜಿಂಕೆ ಮಾಂಸವನ್ನು ರಾತ್ರಿಯಿಡೀ ಹುಳಿಯಲ್ಲಿ ಇಡುವವರಿದ್ದಾರೆ. ಅದರಿಂದ ಸೀಸ ಕರಗುತ್ತಾ?

ಎಕ್ಸ್‌ರೇಕೋಣೆ
ಹೌದು, ಒಳ್ಳೆ ಪ್ರಶ್ನೆ. ಹುಳಿಯಲ್ಲಿ ಬೇಯಿಸಿದಾಗ ಸೀಸ ಹೆಚ್ಚು ಕರಗಿ, ದೇಹಕ್ಕೆ ಹೆಚ್ಚು ಸೇರುವಂತಾಗುತ್ತೆ ಅಂತ ಸ್ಪೇನ್‌ನ ಸಂಶೋಧಕರು ಕ್ವೇಲ್ ಹಕ್ಕಿ ಮಾಂಸದಲ್ಲಿ ತೋರಿಸಿದ್ದಾರೆ. ಸೀಸದ ಗುಂಡಿನ ಮಾಂಸಕ್ಕೆ ಹುಳಿ ಹಾಕಲೇಬೇಡಿ. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಡಬೇಕು, ಖೀಮಾ ಬದಲು ಗಾಯದಿಂದ ದೂರದ ಇಡೀ ತುಂಡು ಕೇಳಿ ಪಡೆಯಬೇಕು. ಇಷ್ಟು ಮಾಡಿದರೂ ಅಪಾಯ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ.

ಪಥ್ಯದಮಾತು
ಇನ್ನೊಂದು ಸೇರಿಸುತ್ತೇನೆ. ಕಬ್ಬಿಣದ ಕೊರತೆ ಇರುವವರ ಕರುಳು ಸೀಸವನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತೆ. ಕಬ್ಬಿಣ ಒಳಗೆ ಬರುವ ದಾರಿಯಲ್ಲೇ ಸೀಸವೂ ನುಗ್ಗುತ್ತೆ. ರಕ್ತ ಕಡಿಮೆ ಅಂತ ಈ ಮಾಂಸ ತಿನ್ನುವ ತಂಗಿಗೇ ಇದು ಹೆಚ್ಚು ಅಪಾಯ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ಹಸಿರುಹಾದಿ
ಇಷ್ಟೆಲ್ಲ ಮಾತಾಡುವಾಗ ಯಾರಾದರೂ ಒಬ್ಬರು ಹೇಳಲೇಬೇಕು. "ಕಾಡಿನ ಮಾಂಸ ಔಷಧಿ" ಅನ್ನೋ ಮಾತು ಹರಡಿದಷ್ಟೂ ಕಳ್ಳಬೇಟೆ ಜಾಸ್ತಿಯಾಗುತ್ತೆ. ಭೂಮಿಯ ಮೇಲಿರುವ ನೆಲದ ಕಾಡುಸಸ್ತನಿಗಳೆಲ್ಲ ಸೇರಿ ತೂಕ ಎಷ್ಟು ಗೊತ್ತಾ? 2023ರಲ್ಲಿ ಲೆಕ್ಕ ಹಾಕಿದ್ದಾರೆ, ಸುಮಾರು 2 ಕೋಟಿ ಟನ್. ಮನುಷ್ಯರು 39 ಕೋಟಿ ಟನ್. ನಾವು ಸಾಕಿದ ಪ್ರಾಣಿಗಳು 63 ಕೋಟಿ ಟನ್. ಆನೆಯಿಂದ ಇಲಿವರೆಗೆ ಇರೋ ಬರೋ ಎಲ್ಲವನ್ನೂ ಹಂಚಿದರೆ ಒಬ್ಬೊಬ್ಬರಿಗೆ ಎರಡೂವರೆ ಕೆಜಿ ಬರುತ್ತೆ, ಮೂಳೆ ಚರ್ಮ ಎಲ್ಲ ಸೇರಿ. ಒಂದೇ ಸಲಕ್ಕೆ ಮುಗಿದುಹೋಗುತ್ತೆ. ಆದ್ದರಿಂದ ಇದನ್ನು ಎಲ್ಲರ ಆರೋಗ್ಯಕ್ಕೆ ದಾರಿ ಅಂತ ಹೇಳಬೇಡಿ. ಬೇಟೆ ನಿಷೇಧ ಇರುವ ಕಡೆ ಅದು ಅಪರಾಧ ಕೂಡ.

ದೂರದಾರಿ
ತುಂಬೆಹೂ ಕೇಳಿದ್ದು ಪೌಷ್ಟಿಕಾಂಶ. ತಿನ್ನಬೇಕೋ ಬೇಡವೋ ಅನ್ನೋ ಜಗಳ ಬೇಡ ಅಂತ ಮೊದಲೇ ಹೇಳಿದ್ದಾರೆ. ಜಿಂಕೆ ಜಾಸ್ತಿಯಾಗಿ ಕಾಡೇ ಹಾಳಾಗುವ ಕಡೆ ಲೆಕ್ಕ ಇಟ್ಟು ಬೇಟೆಗೆ ಅನುಮತಿ ಕೊಡುತ್ತಾರೆ. ಅದನ್ನು ಕಳ್ಳಬೇಟೆ ಜೊತೆ ಸೇರಿಸಬೇಡಿ.

ಕಡಲಗಾಳಿ
ಹಸಿರುಹಾದಿ, ನಿಮ್ಮ ಕಾಳಜಿ ನನ್ನದೂ ಹೌದು. ಆದರೆ ಬೇರೆ ದಾರಿ ಇಲ್ಲದೆ ತಿನ್ನುವವರಿದ್ದಾರೆ, ಅವರನ್ನು ಮರೆಯಬಾರದು. ಮಡಗಾಸ್ಕರ್‌ನಲ್ಲಿ ಕ್ರಿಸ್ಟೋಫರ್ ಗೋಲ್ಡನ್ ಅನ್ನೋ ಸಂಶೋಧಕರು ಮತ್ತು ಜೊತೆಯವರು ಕಾಡಂಚಿನ ಹಳ್ಳಿಗಳ ಮಕ್ಕಳ ರಕ್ತ ಪರೀಕ್ಷಿಸಿದರು. 2011ರಲ್ಲಿ ಫಲಿತಾಂಶ ಬಂತು. ಆ ಮಕ್ಕಳಿಗೆ ಕಾಡುಪ್ರಾಣಿ ಮಾಂಸ ಸಿಗದೇ ಹೋದರೆ ರಕ್ತಹೀನತೆ ಇರುವ ಮಕ್ಕಳ ಸಂಖ್ಯೆ 29 ಪರ್ಸೆಂಟ್ ಏರುತ್ತೆ ಅಂತ ಅಂದಾಜು. ತೀರಾ ಬಡ ಮನೆಗಳಲ್ಲಿ ಮೂರು ಪಟ್ಟು. ಅವರಿಗೆ ಅಂಗಡಿಯೂ ಇಲ್ಲ, ಮಾತ್ರೆಯೂ ಇಲ್ಲ. ಹಾಗೇ ತಿನ್ನುತ್ತಾ ಹೋದರೆ ಪ್ರಾಣಿಗಳೇ ಇರಲ್ಲ, ಆಮೇಲೆ ಮಕ್ಕಳ ಗತಿ ಏನು? ಇದಕ್ಕೆ ಉತ್ತರ ಸುಲಭ ಇಲ್ಲ. ಕಾಡಿಗೆ ಬೇಲಿ ಹಾಕುವ ಮುಂಚೆ ಕೋಳಿನೋ ಮೀನೋ ಸಾಕುವ ವ್ಯವಸ್ಥೆ ಮಾಡಿಕೊಡಬೇಕು. ಆ ಮಕ್ಕಳ ರಕ್ತವನ್ನು ಲೆಕ್ಕದಿಂದ ಬಿಟ್ಟು ಕಾಡು ಉಳಿಸೋಕೆ ಆಗಲ್ಲ.

ಹಸಿರುಹಾದಿ
ಅದನ್ನು ನಾನು ಒಪ್ಪುತ್ತೇನೆ. ನನ್ನ ಸಿಟ್ಟು ಫ್ರೀಜರ್ ಇರುವವರ ಮೇಲೆ, ಆ ಮಕ್ಕಳ ಮೇಲೆ ಅಲ್ಲ.

ಓದುಗ 45
ಬರೀ ಬೇಟೆ ಮಾಂಸ ತಿಂದುಕೊಂಡೇ ಬದುಕಬಹುದಾ? ಉತ್ತರಧ್ರುವದ ಇನ್ಯೂಟ್ ಜನ ಬದುಕುತ್ತಾರೆ ಅಂತ ಕೇಳಿದ್ದೆ.

ಕಡಲಗಾಳಿ
ಬರೀ ಮಾಂಸದಲ್ಲಿ ಬದುಕಬಹುದು, ಕೊಬ್ಬಿಲ್ಲದ ಮಾಂಸದಲ್ಲಿ ಸಾಧ್ಯ ಇಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ "ಮೊಲದ ಉಪವಾಸ" ಅಂತಲೇ ಹೆಸರಿದೆ. ಚಳಿಗಾಲದ ಕೊನೆಗೆ ಮೊಲ ಬಿಟ್ಟು ಬೇರೇನೂ ಸಿಗದವರು ಹೊಟ್ಟೆ ಬಿರಿಯ ತಿಂದರೂ ಹಸಿವು ಹೋಗಲ್ಲ. ಭೇದಿ, ತಲೆನೋವು, ಸುಸ್ತು. ಹಾಗೇ ಬಿಟ್ಟರೆ ಸಾವು. ಕ್ಯಾಲೊರಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಂಬಾ ಜಾಸ್ತಿ ಪ್ರೋಟೀನಿನಿಂದಲೇ ಬಂದರೆ ಲಿವರ್‌ಗೆ ಅದರ ಸಾರಜನಕವನ್ನು ಯೂರಿಯಾ ಮಾಡಿ ಹೊರಗೆ ಹಾಕೋಕೆ ಆಗಲ್ಲ.

ವಿಲ್ಹ್ಯಾಲ್ಮುರ್ ಸ್ಟೆಫಾನ್ಸನ್ ಅನ್ನೋ ಅನ್ವೇಷಕ ಇನ್ಯೂಟ್ ಜೊತೆ ವರ್ಷಗಟ್ಟಲೆ ಬದುಕಿದವರು. 1928ರಲ್ಲಿ ಅವರೂ ಕಾರ್ಸ್ಟನ್ ಆಂಡರ್ಸನ್ ಅನ್ನೋ ಜೊತೆಗಾರರೂ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಬರೀ ಮಾಂಸ ತಿನ್ನುವ ಪ್ರಯೋಗ ಶುರುಮಾಡಿದರು. ಮೊದಲು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಕೊಟ್ಟರು. ಕೆಲವೇ ದಿನದಲ್ಲಿ ಹೊಟ್ಟೆ ಕೆಟ್ಟು ಸೊರಗಿಹೋದರು. ಕೊಬ್ಬು ಸೇರಿಸಿದ ಕೂಡಲೇ ಚೇತರಿಸಿಕೊಂಡರು. ಇಡೀ ವರ್ಷ ಅವರ ಊಟದ ಕ್ಯಾಲೊರಿಯಲ್ಲಿ ಮುಕ್ಕಾಲು ಭಾಗ ಕೊಬ್ಬಿನದ್ದೇ.

ಇನ್ಯೂಟ್ ಜನರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಸೀಲ್, ತಿಮಿಂಗಿಲದ ಕೊಬ್ಬು ಅವರ ಊಟದ ಜೀವಾಳ. ತಿಮಿಂಗಿಲದ ಚರ್ಮವನ್ನು ಹಸಿಯಾಗಿ ತಿನ್ನುತ್ತಾರೆ. ಅದರಲ್ಲಿ ವಿಟಮಿನ್ ಸಿ ಇದೆ, 100 ಗ್ರಾಂಗೆ 36 ಮಿಲಿಗ್ರಾಂ. ಹಣ್ಣು ತರಕಾರಿ ಇಲ್ಲದೆ ಅವರಿಗೆ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬರದೇ ಇದ್ದದ್ದು ಇಂಥ ಆಹಾರದಿಂದ. ಸೀಲ್ ಮಾಂಸದಲ್ಲಿ ಕಬ್ಬಿಣ 100 ಗ್ರಾಂಗೆ ಹತ್ತಿರಹತ್ತಿರ 20 ಮಿಲಿಗ್ರಾಂ, ಜಿಂಕೆಯ ಐದಾರು ಪಟ್ಟು. ನೀರೊಳಗೆ ತುಂಬಾ ಹೊತ್ತು ಉಸಿರು ಹಿಡಿಯುವ ಪ್ರಾಣಿ, ಖಂಡದಲ್ಲಿ ಅಷ್ಟು ಆಮ್ಲಜನಕ ಕೂಡಿಡಬೇಕಲ್ಲ.

ಗುಬ್ಬಚ್ಚಿ
ಅಬ್ಬಾ. ಇದು ಗೊತ್ತೇ ಇರಲಿಲ್ಲ.

ಓದುಗ 45
ಹಾಗಾದರೆ ಲಿವರ್ ತಿಂದರೆ ಎಲ್ಲ ವಿಟಮಿನ್ ಬರುತ್ತಲ್ಲ? ಜಿಂಕೆ ಲಿವರ್ ಕೇಳಿ ತರಿಸಿಕೊಳ್ಳಲಿ.

ದನದಡಾಕ್ಟರು
ನಾನು ಪಶುವೈದ್ಯ. ಲಿವರ್ ವಿಷಯದಲ್ಲಿ ಜಾಗ್ರತೆ. ಕಾಡುಪ್ರಾಣಿಗೆ ವಯಸ್ಸಾದಷ್ಟೂ ಲಿವರ್, ಕಿಡ್ನಿಯಲ್ಲಿ ಕ್ಯಾಡ್ಮಿಯಂ ಅನ್ನೋ ವಿಷಲೋಹ ಸೇರುತ್ತಾ ಹೋಗುತ್ತೆ. ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ಪ್ರಾಣಿಗೆ. ಕಿಡ್ನಿಯಲ್ಲಿ ಇನ್ನೂ ಜಾಸ್ತಿ. ಸಾಕಿದ ಪ್ರಾಣಿಯನ್ನು ಚಿಕ್ಕ ವಯಸ್ಸಿಗೇ ಕಡಿಯುತ್ತಾರೆ, ಅದಕ್ಕೆ ಅಷ್ಟು ಕೂಡಲ್ಲ. ಹಿಮಕರಡಿಯ ಲಿವರ್ ಅಂತೂ ತಿನ್ನಲೇಬಾರದು. ಅದರಲ್ಲಿ ವಿಟಮಿನ್ ಎ ವಿಷವಾಗುವಷ್ಟು ಇರುತ್ತೆ. ಬ್ಯಾರೆಂಟ್ಸ್ ಅನ್ನೋ ಡಚ್ ನಾವಿಕನ ತಂಡದವರು 1597ರಲ್ಲಿ ಅದನ್ನು ತಿಂದು ಹಾಸಿಗೆ ಹಿಡಿದು, ಮೈ ಚರ್ಮ ಸುಲಿದುಹೋದದ್ದು ಅವರ ದಿನಚರಿಯಲ್ಲೇ ಇದೆ.

"ಶುದ್ಧ ಮಾಂಸ" ಅನ್ನೋ ಮಾತಿಗೂ ಉತ್ತರ ಕೊಡುತ್ತೇನೆ, ದೂರದಾರಿ ಅವರೇ. ಕಾಡುಪ್ರಾಣಿಗೆ ಯಾರೂ ಹುಳುವಿನ ಔಷಧಿ ಕೊಟ್ಟಿರಲ್ಲ. ಕಸಾಯಿಖಾನೆಯಲ್ಲಿ ಒಬ್ಬ ಡಾಕ್ಟರು ಕೊಯ್ಯುವ ಮುಂಚೆ, ಕೊಯ್ದ ಮೇಲೆ ಪ್ರಾಣಿಯನ್ನು ನೋಡುತ್ತಾನೆ. ಕಾಡಿನಲ್ಲಿ ಹೊಡೆದವನೇ ಡಾಕ್ಟರು. ಕಾಡುಹಂದಿ, ಕರಡಿಯಲ್ಲಿ ಟ್ರಿಕಿನೆಲ್ಲಾ ಅನ್ನೋ ಹುಳು ಇರುತ್ತೆ. ಅದರ ಮರಿಗಳು ಖಂಡದೊಳಗೇ ಗೂಡು ಕಟ್ಟಿ ಕೂರುತ್ತವೆ. 2022ರಲ್ಲಿ ಅಮೆರಿಕದ ಒಂದು ಕುಟುಂಬ ಒಟ್ಟಿಗೆ ಸೇರಿ ಕರಡಿ ಮಾಂಸದ ಕಬಾಬ್ ಮಾಡಿದರು. ಮಾಂಸ ಒಂದೂವರೆ ತಿಂಗಳು ಫ್ರೀಜರ್‌ನಲ್ಲಿತ್ತು. ಒಳಗೆ ಸರಿಯಾಗಿ ಬೆಂದಿರಲಿಲ್ಲ. ಆರು ಜನಕ್ಕೆ ಕಾಯಿಲೆ ಬಂತು. ಅದರಲ್ಲಿ ಇಬ್ಬರು ಮಾಂಸವನ್ನೇ ಮುಟ್ಟಿರಲಿಲ್ಲ, ಜೊತೆಗೆ ಬೆಂದ ತರಕಾರಿ ತಿಂದಿದ್ದರು ಅಷ್ಟೇ. ಚಳಿ ಪ್ರದೇಶದ ಹುಳುವಿನ ಜಾತಿ ಫ್ರೀಜರ್‌ಗೆ ಸಾಯಲ್ಲ. ಮಾಂಸದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಜಪಾನಿನಲ್ಲಿ ಹಸಿ ಜಿಂಕೆ ಮಾಂಸ ತಿಂದವರಿಗೆ ಹೆಪಟೈಟಿಸ್ ಇ ಅನ್ನೋ ಲಿವರ್ ಕಾಯಿಲೆ ಬಂದದ್ದು 2003ರಲ್ಲಿ ವರದಿಯಾಗಿದೆ. ಜಿಂಕೆಗಳಿಗೆ ಬರುವ ಸಿಡಬ್ಲ್ಯೂಡಿ ಅನ್ನೋ ಮಿದುಳಿನ ಕಾಯಿಲೆ ಮನುಷ್ಯರಿಗೆ ಬಂದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ಆ ಕಾಯಿಲೆ ಇರುವ ಪ್ರದೇಶದಲ್ಲಿ ಪರೀಕ್ಷೆ ಮಾಡಿಸಿ, ಇದೆ ಅಂತ ಬಂದರೆ ತಿನ್ನಬೇಡಿ ಅಂತ ಸಿಡಿಸಿ ಹೇಳುತ್ತೆ. ಅದು ಬೇಯಿಸಿದರೂ ಹೋಗುವಂಥದ್ದಲ್ಲ.

ದೂರದಾರಿ
ಡಾಕ್ಟ್ರೇ, ಸರಿಯಾಗಿ ಬೇಯಿಸಬೇಕು ಅನ್ನೋದನ್ನು ನಾನು ಬೇಡ ಅನ್ನಲಿಲ್ಲ. ಆದರೆ ಫಾರ್ಮ್ ಕೋಳಿಯಲ್ಲೂ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇದೆ. ಬರೀ ಕಾಡಿನದ್ದನ್ನೇ ಯಾಕೆ ಬೈಯ್ಯೋದು?

ದನದಡಾಕ್ಟರು
ಬೈಯ್ಯುತ್ತಿಲ್ಲ. ಚೆನ್ನಾಗಿ ಹೊಡೆದು, ಬೇಗ ಹೊಟ್ಟೆ ಸೀಳಿ, ಬೇಗ ತಣ್ಣಗೆ ಮಾಡಿದ ಜಿಂಕೆ ಮಾಂಸ ಒಳ್ಳೆ ಮಾಂಸವೇ. ಗುಂಡು ಹೊಟ್ಟೆಗೆ ಬಿದ್ದು ಕರುಳು ಒಡೆದರೆ ಆ ಕೊಳೆಯೆಲ್ಲ ಮಾಂಸಕ್ಕೆ ಮೆತ್ತಿಕೊಳ್ಳುತ್ತೆ. ಗಾಯವಾಗಿ ತುಂಬಾ ಹೊತ್ತು ಓಡಿ ಸತ್ತರೆ ಖಂಡದಲ್ಲಿದ್ದ ಸಕ್ಕರೆಯೆಲ್ಲ ಖರ್ಚಾಗಿರುತ್ತೆ. ಆಗ ಮಾಂಸ ಹುಳಿಗೆ ತಿರುಗಲ್ಲ. ಸಾಮಾನ್ಯವಾಗಿ 5.5ಕ್ಕೆ ಇಳಿಯಬೇಕಾದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ರ ಮೇಲೇ ನಿಲ್ಲುತ್ತೆ. ಅಂಥ ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತೆ. ಆದ್ದರಿಂದ ಯಾವ ಪ್ರಾಣಿ ಅನ್ನೋದರಷ್ಟೇ ಹೇಗೆ ಸತ್ತಿತು ಅನ್ನೋದೂ ಮುಖ್ಯ.

ಓದುಗ 45
ಯುರೋಪಿನ ಕಾಡುಹಂದಿಯಲ್ಲಿ ಅಣುಶಕ್ತಿ ವಿಕಿರಣ ಇದೆ ಅಂತ ಎಲ್ಲೋ ಓದಿದ್ದೆ. ಸುಳ್ಳು ಸುದ್ದಿನಾ?

ಎಕ್ಸ್‌ರೇಕೋಣೆ
ನಿಜ. 1986ರ ಚೆರ್ನೋಬಿಲ್ ದುರಂತದಲ್ಲಿ ಸೀಸಿಯಂ-137 ಅನ್ನೋ ವಿಕಿರಣ ಸೂಸುವ ವಸ್ತು ಯುರೋಪಿನ ಕಾಡುಗಳ ಮೇಲೆ ಬಿತ್ತು. ಅರ್ಧ ಕರಗೋಕೆ 30 ವರ್ಷ ಬೇಕು. ಬೇರೆ ಪ್ರಾಣಿಗಳಲ್ಲಿ ಕಡಿಮೆಯಾಗುತ್ತಾ ಬಂತು, ಜರ್ಮನಿಯ ಬವೇರಿಯಾದ ಕಾಡುಹಂದಿಗಳಲ್ಲಿ ಆಗಲಿಲ್ಲ. ನೆಲದೊಳಗೆ ಬೆಳೆಯುವ ಒಂದು ಜಾತಿ ಅಣಬೆಯನ್ನು ಅವು ಬಗೆದು ತಿನ್ನುತ್ತವೆ, ಅದರಲ್ಲಿ ಸೀಸಿಯಂ ಕೂಡಿರುತ್ತೆ. ಚೆರ್ನೋಬಿಲ್ ಜೊತೆಗೆ 1960ರ ದಶಕದ ಬಾಂಬ್ ಪರೀಕ್ಷೆಗಳ ಸೀಸಿಯಂ ಕೂಡ ಇದರಲ್ಲಿದೆ ಅಂತ 2023ರಲ್ಲಿ ತೋರಿಸಿದರು. ಕೆಜಿಗೆ 600 ಬೆಕರೆಲ್ (ವಿಕಿರಣದ ಅಳತೆ) ದಾಟಿದ ಮಾಂಸ ಅಲ್ಲಿ ಮಾರುವಂತಿಲ್ಲ.

ಗುಬ್ಬಚ್ಚಿ
ಹೋಟೆಲ್‌ಗಳಲ್ಲಿ ಜಿಂಕೆ ಮಾಂಸ ಅಂತ ಕೊಡುತ್ತಾರಲ್ಲ ಹೊರದೇಶದಲ್ಲಿ, ಅದೂ ಹೀಗೇನಾ?

ಬೆಂಕಿಪಾತ್ರೆ
ಅದು ಬಹುಪಾಲು ಸಾಕಿದ್ದು. ನ್ಯೂಜಿಲೆಂಡ್‌ನಲ್ಲಿ ಬೇಲಿ ಹಾಕಿ ಜಿಂಕೆ ಸಾಕುತ್ತಾರೆ, ಅಲ್ಲಿಂದ ಎಷ್ಟೋ ದೇಶಕ್ಕೆ ಹೋಗುತ್ತೆ. ಕಸಾಯಿಖಾನೆಯಲ್ಲಿ ಕಡಿದದ್ದು, ಆದ್ದರಿಂದ ಸೀಸದ ಚಿಂತೆ ಇಲ್ಲ. ಹುಲ್ಲು ತಿಂದು ಬೆಳೆದದ್ದು, ಕೊಬ್ಬೂ ಕಡಿಮೆ. ಕಾಡಿನದ್ದಕ್ಕಿಂತ ಮೆತ್ತಗೆ ಇರುತ್ತೆ.

ಪಥ್ಯದಮಾತು
ತುಂಬೆಹೂ, ತಂಗಿಗೆ ಇದನ್ನು ಹೇಳಿ. ಹೆರುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 18 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಅಮೆರಿಕದ ಲೆಕ್ಕ. 100 ಗ್ರಾಂ ಜಿಂಕೆ ಮಾಂಸ ಕೊಡೋದು ಅದರ ಐದನೇ ಒಂದು ಭಾಗದಷ್ಟು. ಮಾಂಸದ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತೆ ನಿಜ, ಸೊಪ್ಪು ಕಾಳಿನದ್ದಕ್ಕಿಂತ ಎಷ್ಟೋ ಉತ್ತಮ. ಆದರೂ ಕೊರತೆ ಬಂದಾದ ಮೇಲೆ ಬರೀ ಮಾಂಸದಿಂದ ತುಂಬಿಸೋಕೆ ತುಂಬಾ ಕಾಲ ಬೇಕು. ಮಾತ್ರೆ ಬಿಡಬಾರದು. ರಕ್ತ ಯಾಕೆ ಕಡಿಮೆಯಾಯಿತು ಅಂತ ಡಾಕ್ಟರು ಹುಡುಕಬೇಕು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆಯಾ, ಹೊಟ್ಟೆಯಲ್ಲಿ ಎಲ್ಲಾದರೂ ಒಸರುತ್ತಿದೆಯಾ, ಬಿ12 ಕಡಿಮೆ ಇದೆಯಾ. ಕಾರಣ ಗೊತ್ತಾಗದೆ ಯಾವ ಮಾಂಸ ತಿಂದರೂ ಪ್ರಯೋಜನ ಕಡಿಮೆ.

ಮಾಂಸದಿಂದಲೇ ಕಬ್ಬಿಣ ಬೇಕು ಅಂದರೆ ಅಂಗಡಿ ಕೋಳಿಯ ಲಿವರ್ ಸಾಕು. 100 ಗ್ರಾಂಗೆ 9 ಮಿಲಿಗ್ರಾಂ, ಜಿಂಕೆಗಿಂತ ಎರಡೂವರೆ ಪಟ್ಟು. ವಾರಕ್ಕೊಮ್ಮೆ ಸ್ವಲ್ಪ ಸಾಕು, ಅದರಲ್ಲೂ ವಿಟಮಿನ್ ಎ ಜಾಸ್ತಿ. ಮತ್ತೆ ಮಗು ಬೇಕು ಅಂತ ಯೋಚನೆ ಇದ್ದರೆ ಲಿವರ್ ಬೇಡ.

ತುಂಬೆಹೂ
ಈಗಷ್ಟೇ ತಂಗಿ ಜೊತೆ ಮಾತಾಡಿದೆ. ಪಕ್ಕದ ಮನೆಯವರು ಒಳ್ಳೆ ಜನ, ನೇರವಾಗಿ ಹೇಳಿದರಂತೆ. ಸೀಸದ ಗುಂಡೇ. ಖೀಮಾಗೆ ಹಂದಿ ಕೊಬ್ಬು ಬೆರೆಸಿದ್ದಾರೆ. ಚೂರು ಹರಡುವ ವಿಷಯ ಅವರಿಗೂ ಗೊತ್ತಿರಲಿಲ್ಲ, ಅವರಿಗೂ ಮೊಮ್ಮಕ್ಕಳಿದ್ದಾರೆ. ಮುಂದಿನ ಸೀಸನ್‌ಗೆ ತಾಮ್ರದ್ದು ತರುತ್ತೇನೆ ಅಂದರಂತೆ. ತಂಗಿ ಇರುವ ಖೀಮಾ ಎಲ್ಲ ಎಸೆಯುತ್ತಾಳೆ. ಮಗುವಿನ ರಕ್ತಪರೀಕ್ಷೆಗೆ ಸಮಯ ತೆಗೆದುಕೊಂಡಿದ್ದಾಳೆ. ಮಾತ್ರೆಯೂ ಮತ್ತೆ ಶುರು. ನಿಮಗೆಲ್ಲ ಎಷ್ಟು ಹೇಳಿದರೂ ಸಾಲದು.

ಎಕ್ಸ್‌ರೇಕೋಣೆ
ತುಂಬಾ ಸಮಾಧಾನ ಆಯಿತು. ಎಸೆಯುವಾಗ ನಾಯಿ, ಬೆಕ್ಕು, ಹಕ್ಕಿಗೆ ಸಿಗದ ಹಾಗೆ ಕಟ್ಟಿ ಎಸೆಯೋಕೆ ಹೇಳಿ. ಅವಕ್ಕೂ ಸೀಸ ವಿಷವೇ. ಗುಂಡೇಟು ತಿಂದ ಪ್ರಾಣಿಯ ಕರುಳು, ಚೂರುಪಾರು ತಿಂದೇ ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಕಾಂಡೋರ್ ರಣಹದ್ದುಗಳು ಸತ್ತವು. ಅಲ್ಲಿ ನಿಷೇಧ ಬಂದಿದ್ದಕ್ಕೆ ಅದೇ ದೊಡ್ಡ ಕಾರಣ.

ದೂರದಾರಿ
ತಾಮ್ರದ ಗುಂಡಾದರೆ ನನ್ನ ಮಾತು ನಿಲ್ಲುತ್ತೆ. ಕಬ್ಬಿಣ ಜಾಸ್ತಿ, ಕೊಬ್ಬು ಕಡಿಮೆ.

ಪ್ರಶ್ನೆಗಾರ
ನಿಲ್ಲುತ್ತೆ. ಔಷಧಿ ಅಂತ ಕರೆಯದಿದ್ದರೆ ನನ್ನ ತಕರಾರೂ ಇಲ್ಲ.

ಗುಬ್ಬಚ್ಚಿ
ಕೊನೇ ಪ್ರಶ್ನೆ. ಒಣಗಿಸಿದ ಜಿಂಕೆ ಮಾಂಸ ಸಿಗುತ್ತಲ್ಲ, ಉಪ್ಪು ಹಾಕಿ ಒಣಗಿಸಿದ್ದು. ಅದರಲ್ಲಿ ಹುಳು ಸತ್ತಿರುತ್ತಾ?

ದನದಡಾಕ್ಟರು
ಬರೀ ಒಣಗಿಸಿದರೆ, ಉಪ್ಪು ಹಾಕಿದರೆ, ಹೊಗೆಗೆ ಹಿಡಿದರೆ ಸಾಯುತ್ತೆ ಅಂತ ನಂಬೋಕೆ ಆಗಲ್ಲ. ಮೊದಲು 71 ಡಿಗ್ರಿ ಮುಟ್ಟಿಸಿ, ಆಮೇಲೆ ಒಣಗಿಸಬೇಕು. ಮಾಡಿಕೊಟ್ಟವರನ್ನು ಕೇಳಿ. ಆ ಕ್ರಮದಲ್ಲಿ ಮಾಡಿಲ್ಲ ಅಂದರೆ ತಿನ್ನಬೇಡಿ.